ಒಂದೂವರೆ ಇಂಚಿನ ಮೀನಿಗೆ ಜೋಡಿ ಕಟ್ಟುವುದು

ಪ್ರಶ್ನೆ: ಮಗಳ ಹಟಕ್ಕೆ ಸೋತು ಮೂರಡಿಯ ಟ್ಯಾಂಕ್ ಮಾಡಿಸಿ, ಆಫ್ರಿಕನ್ ಸಿಕ್ಲಿಡ್ ಮರಿಗಳನ್ನು ತಂದೆವು. ಎಲ್ಲವೂ ಒಂದೂವರೆ ಇಂಚಿನವು. ನಾಲ್ಕು ಅಪ್ಪಟ ಹಳದಿ, ನಾಲ್ಕು ಹಳದಿ ಮೈಮೇಲೆ ಉದ್ದುದ್ದ ಕಪ್ಪು ಪಟ್ಟೆಯವು, ನಾಲ್ಕು ತಿಳಿನೀಲಿಗೆ ಅಡ್ಡಪಟ್ಟೆಯವು, ಜೊತೆಗೆ ಕಿತ್ತಳೆ ಬಣ್ಣಕ್ಕೆ ಕಪ್ಪು ಕಲೆಗಳಿರುವ ಒಂದು. ಅಂಗಡಿಯವರು “ಇದು ಗಂಡು, ಇದು ಹೆಣ್ಣು” ಎಂದು ಆರಿಸಿ ಜೋಡಿ ಮಾಡಿಕೊಟ್ಟರು, ಜೋಡಿಗೆಂದು ಬೆಲೆಯನ್ನೂ ಹೆಚ್ಚು ತೆಗೆದುಕೊಂಡರು. ಮನೆಗೆ ತಂದ ಮೇಲೆ ನಮಗೆ ಯಾವುದು ಯಾವುದೆಂದು ತಿಳಿಯುತ್ತಿಲ್ಲ. ಗುರುತಿಸುವುದು ಹೇಗೆ? ನೀರನ್ನು ಬಿಸಿ ಮಾಡಿದರೆ ಮರಿಗಳೆಲ್ಲ ಗಂಡಾಗುತ್ತವೆ ಎನ್ನುತ್ತಾರಲ್ಲ, ನಿಜವೇ? ಇನ್ನೊಂದು ಟ್ಯಾಂಕಿನಲ್ಲಿ ಏಂಜೆಲ್ ಜೋಡಿ ಇದೆ. ಎರಡು ಸಲ ಮೊಟ್ಟೆಯಿಟ್ಟರೂ ಎಲ್ಲವೂ ಬಿಳಿಚಿಕೊಂಡು ಹಾಳಾದವು. ನಮ್ಮದು ಬೋರ್‌ವೆಲ್ ನೀರು.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಒಂದೂವರೆ ಇಂಚಿನ ಮಲಾವಿ ಮರಿಯನ್ನು ಬಲೆಯಲ್ಲಿ ಎತ್ತಿ ಹಿಡಿದು, ನೋಡಿದೊಡನೆ ಗಂಡು ಹೆಣ್ಣು ಹೇಳುತ್ತೇನೆನ್ನುವವರನ್ನು ನಂಬಬೇಡಿ. ಇರುವುದು ಎರಡೇ ಉತ್ತರವಾದ್ದರಿಂದ ಅವರ ಮಾತು ಹೆಚ್ಚುಕಡಿಮೆ ಅರ್ಧ ಸಲ ನಿಜವಾಗಿಯೇ ಆಗುತ್ತದೆ, ಹೆಸರೂ ಬರುತ್ತದೆ. ನೀವು ಜೋಡಿಯ ಬೆಲೆಯೆಂದು ಹೆಚ್ಚು ಕೊಟ್ಟದ್ದು ಆ ಊಹೆಗೆ.

ಊಹೆ ಸರಿಯಾಗಿದ್ದರೂ ನಿಮಗೆ ಲಾಭವಿರಲಿಲ್ಲ. ಪೂರ್ವ ಆಫ್ರಿಕಾದ ಮಲಾವಿ ಸರೋವರದ ಬಂಡೆಗಳ ನಡುವೆ ಬದುಕುವ ಈ ಮೀನುಗಳನ್ನು ಅಲ್ಲಿಯವರು ಎಂಬೂನ ಎನ್ನುತ್ತಾರೆ. ಇವು ಜೋಡಿಯಾಗಿ ಸಂಸಾರ ಹೂಡುವ ಜಾತಿಯಲ್ಲ. ಗಂಡು ಒಂದು ಬಂಡೆಯನ್ನೋ ಗುಹೆಯನ್ನೋ ಹಿಡಿದು ಕೂರುತ್ತದೆ, ಬಂದ ಹೆಣ್ಣುಗಳನ್ನೆಲ್ಲ ಒಲಿಸಲು ನೋಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು, ಅದನ್ನು ಬಾಯಿಗೆ ತುಂಬಿಕೊಂಡು ಹೊರಟುಬಿಡುತ್ತದೆ. ಸುಮಾರು ಮೂರು ವಾರ ಉಪವಾಸವಿದ್ದು ಮರಿ ಮಾಡುವ ಕೆಲಸ ಪೂರ್ತಿ ಅವಳದೇ. ಒಂದು ಗಂಡು, ಒಂದು ಹೆಣ್ಣು ಎಂದು ಟ್ಯಾಂಕಿನಲ್ಲಿ ಬಿಟ್ಟರೆ ಗಂಡಿನ ಕಾಟವೆಲ್ಲ ಆ ಒಬ್ಬಳ ಮೇಲೆ ಬೀಳುತ್ತದೆ. ರೆಕ್ಕೆ ಹರಿದು ಮೂಲೆ ಸೇರಿ ಸಾಯುವ ಹೆಣ್ಣುಗಳಿಗೆ ಹೆಚ್ಚಾಗಿ ಇದೇ ಕಾರಣ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣಿರಬೇಕು. ಹಾಗಾಗಿ ಎಂಬೂನವನ್ನು ಜೋಡಿಯಾಗಿ ಮಾರುವವರಿಗೆ ಆ ಮೀನಿನ ಬಾಳುವೆಯೇ ಗೊತ್ತಿಲ್ಲ ಎಂದು ನನ್ನ ಅನಿಸಿಕೆ.

ಈಗ ನಿಮ್ಮ ಮೀನುಗಳನ್ನು ಒಂದೊಂದಾಗಿ ನೋಡೋಣ. ಹದಿಮೂರರಲ್ಲಿ ಒಂದರ ವಿಷಯದಲ್ಲಿ ಮಾತ್ರ ನಾನು ಇಲ್ಲಿಂದಲೇ ಪಂದ್ಯ ಕಟ್ಟಬಲ್ಲೆ. ಕಲೆಗಳಿರುವ ಆ ಕಿತ್ತಳೆ ಮೀನು ಬಹುಪಾಲು ಹೆಣ್ಣು.

ಇದರ ಹಿಂದೆ ಸೊಗಸಾದ ಕಥೆಯಿದೆ. ಎಂಬೂನಗಳ ಹಲವು ಜಾತಿಗಳಲ್ಲಿ ಕಿತ್ತಳೆ ಅಥವಾ ಮಾಸಲು ಮೈಮೇಲೆ ಕಪ್ಪು ಚುಕ್ಕೆ ಚೆಲ್ಲಿದಂತಿರುವ ಮೀನುಗಳು ಸಿಗುತ್ತವೆ. ಹವ್ಯಾಸಿಗಳು ಇವನ್ನು ಓಬಿ ಎನ್ನುತ್ತಾರೆ. ಸರೋವರದಲ್ಲಿ ಹಿಡಿದ ಓಬಿ ಮೀನುಗಳೆಲ್ಲ ಹೆಚ್ಚುಕಡಿಮೆ ಹೆಣ್ಣುಗಳೇ ಆಗಿರುವುದು ಬಹಳ ಹಿಂದೆಯೇ ಗಮನಕ್ಕೆ ಬಂದಿತ್ತು. ಕಾರಣ ಏನೆಂದು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಥಾಮಸ್ ಕೋಚರ್ ಮತ್ತು ಅವರ ಸಂಗಡಿಗರು 2009ರಲ್ಲಿ ತೋರಿಸಿದರು. ಕಲೆಗಳನ್ನು ತರುವ ಜೀನು ಮತ್ತು ಹೆಣ್ಣಾಗಿಸುವ ಜೀನು ಒಂದೇ ವರ್ಣತಂತುವಿನಲ್ಲಿ ಅಕ್ಕಪಕ್ಕ ಕೂತಿವೆ, ಹಾಗಾಗಿ ಒಂದು ಬಂದಲ್ಲಿಗೆ ಇನ್ನೊಂದೂ ಬರುತ್ತದೆ. ಕಲೆಯ ಮೈ ಹೆಣ್ಣಿಗೆ ಅನುಕೂಲ, ಬಂಡೆಯ ಹಿನ್ನೆಲೆಯಲ್ಲಿ ಶತ್ರುವಿನ ಕಣ್ಣಿಗೆ ಬೀಳುವುದಿಲ್ಲ. ಗಂಡಿಗೆ ಅದೇ ಕಲೆ ನಷ್ಟ, ಹೆಣ್ಣನ್ನು ಸೆಳೆಯುವ ಅವನ ನೀಲಿ ಅದರಲ್ಲಿ ಒಡೆದು ಹೋಗುತ್ತದೆ. ಒಂದೇ ಬಣ್ಣ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ ಎಂಬ ಈ ಜಗಳ ಬಣ್ಣದ ಜೀನು ಹೆಣ್ಣಿನ ಜೀನಿಗೆ ಅಂಟಿಕೊಂಡಾಗ ತೀರಿತು. ಅಪರೂಪಕ್ಕೆ ಆ ಅಂಟು ಬಿಟ್ಟು ಕಲೆಯ ಗಂಡು ಹುಟ್ಟುವುದುಂಟು, ಅದನ್ನು ಹವ್ಯಾಸಿಗಳು ಮಾರ್ಮಲೇಡ್ ಕ್ಯಾಟ್ ಎಂದು ಕರೆದು ಹೆಚ್ಚು ಬೆಲೆಗೆ ಕೊಳ್ಳುತ್ತಾರೆ. ಕಲೆ ಮರಿಯಲ್ಲೇ ಕಾಣುವುದರಿಂದ, ಚಿಕ್ಕಂದಿನಲ್ಲೇ ಲಿಂಗ ಹೇಳಬಲ್ಲ ಬೆರಳೆಣಿಕೆಯ ಗುರುತುಗಳಲ್ಲಿ ಇದೊಂದು.

ಒಂದು ಎಚ್ಚರಿಕೆ. ಅಂಗಡಿಗಳಲ್ಲಿ ಓಬಿ ಪೀಕಾಕ್ ಎಂದು ಮಾರುವ ಮೀನಿಗೆ ಈ ಲೆಕ್ಕ ಹಾಕಬೇಡಿ. ಅದು ಸರೋವರದಲ್ಲಿ ಇಲ್ಲವೇ ಇಲ್ಲ. ಓಬಿ ಎಂಬೂನದ ಕಲೆಯನ್ನು ಪೀಕಾಕ್ ಸಿಕ್ಲಿಡ್‌ಗೆ ಸಾಕಣೆಯಲ್ಲಿ ಅಡ್ಡತಳಿ ಮಾಡಿ ತಂದದ್ದು. ಅದರಲ್ಲಿ ನೀಲಿ, ಕೆಂಪು, ಕಲೆ ಎಲ್ಲ ಸೇರಿ ಹೊಳೆಯುವುದು ಗಂಡುಗಳೇ.

ಕಪ್ಪು ಪಟ್ಟೆಯ ಹಳದಿ ಮೀನು ಔರಾಟಸ್ ಇರಬೇಕು. ಇದರ ಮರಿಗಳೂ ಹೆಣ್ಣುಗಳೂ ಒಂದೇ ವೇಷದಲ್ಲಿರುತ್ತವೆ, ಹೊಂಬಣ್ಣಕ್ಕೆ ಬಿಳಿ ಅಂಚಿನ ಕಪ್ಪು ಪಟ್ಟೆ. ಗಂಡು ಬಲಿತಂತೆ ಮೈಯೆಲ್ಲ ಕಂದುಗಪ್ಪಾಗಿ, ಮೊದಲು ಕಪ್ಪಿದ್ದ ಕಡೆ ತಿಳಿ ಪಟ್ಟೆ ಮೂಡುತ್ತದೆ. ಫೋಟೊದ ನೆಗೆಟಿವ್ ನೋಡಿದ ಹಾಗೆ. ನೀಲಿ ಅಡ್ಡಪಟ್ಟೆಯದು ಕೆನ್ಯಿ. ಮಲಾವಿಯ ಎಂಬೆಂಜಿ ದ್ವೀಪದ ಸುತ್ತಮುತ್ತಲಿನ ಈ ಮೀನು ನಮ್ಮ ನಿರೀಕ್ಷೆಯನ್ನು ತಲೆಕೆಳಗು ಮಾಡುತ್ತದೆ. ಮರಿಗಳು ಮತ್ತು ಹೆಣ್ಣುಗಳು ಚೆಂದದ ನೀಲಿ, ಗಂಡು ದೊಡ್ಡದಾಗುತ್ತ ಹಳದಿಯಾಗುತ್ತದೆ. ನೀಲಿ ಗಂಡು, ಹಳದಿ ಹೆಣ್ಣು ಎಂದುಕೊಂಡು ಕೆನ್ಯಿಯ ಗಂಡನ್ನು ಹೆಣ್ಣೆಂದೂ ಹೆಣ್ಣನ್ನು ಗಂಡೆಂದೂ ಎಣಿಸುವವರಿದ್ದಾರೆ. ಈ ಎರಡು ಜಾತಿಯಲ್ಲೂ ನೀವು ಎರಡೂವರೆ, ಮೂರು ಇಂಚಿನವರೆಗೆ ತಾಳ್ಮೆಯಿಂದಿದ್ದರೆ ಮೀನೇ ಉತ್ತರ ಕೊಡಲು ಶುರು ಮಾಡುತ್ತದೆ.

ಅಪ್ಪಟ ಹಳದಿಯದು ಎಲೆಕ್ಟ್ರಿಕ್ ಯೆಲ್ಲೊ. ಅದರ ಮಟ್ಟಿಗೆ ಬಣ್ಣ ನಿಮಗೆ ಕಡೆಯವರೆಗೂ ನೆರವಾಗುವುದಿಲ್ಲ, ಗಂಡು ಹೆಣ್ಣು ಎರಡೂ ನಿಂಬೆಹಣ್ಣಿನ ಬಣ್ಣವೇ. ಹೊಟ್ಟೆಯ ರೆಕ್ಕೆ ಮತ್ತು ಗುದದ ಹಿಂದಿನ ರೆಕ್ಕೆ ದಟ್ಟ ಕಪ್ಪಾಗಿದ್ದರೆ ಗಂಡು ಎನ್ನುವ ಮಾತು ಹವ್ಯಾಸಿಗಳಲ್ಲಿ ಚಾಲ್ತಿಯಲ್ಲಿದೆ. ತಕ್ಕಮಟ್ಟಿಗೆ ನಿಜ, ಆದರೆ ಟ್ಯಾಂಕಿನಲ್ಲಿ ಯಜಮಾನಿಕೆ ನಡೆಸುವ ಹೆಣ್ಣಿಗೂ ಅಷ್ಟೇ ಕಪ್ಪು ಬರುತ್ತದೆ.

ಯಜಮಾನಿಕೆ ಎಂದೆನಲ್ಲ, ನಿಮ್ಮ ಪ್ರಶ್ನೆಯ ಗಂಟು ಇರುವುದೇ ಅಲ್ಲಿ. ಸಿಕ್ಲಿಡ್‌ಗಳ ಬಣ್ಣ ಲಿಂಗವನ್ನು ಹೇಳುವುದಕ್ಕಿಂತ ಹೆಚ್ಚಾಗಿ ಅಂತಸ್ತನ್ನು ಹೇಳುತ್ತದೆ. ಇದನ್ನು ಹತ್ತಿರದಿಂದ ನೋಡಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಸೆಲ್ ಫರ್ನಾಲ್ಡ್. ಅವರು ದಶಕಗಳ ಕಾಲ ಅಭ್ಯಾಸ ಮಾಡಿದ ಮೀನು ಟಾಂಗನ್ಯಿಕಾ ಸರೋವರದ ಬರ್ಟೋನಿ. ಅದರಲ್ಲಿ ಜಾಗ ಹಿಡಿದ ಗಂಡುಗಳು ಮಾತ್ರ ಹಳದಿಯೋ ನೀಲಿಯೋ ಆಗಿ, ಕಣ್ಣಿಗೆ ಅಡ್ಡಲಾಗಿ ಕಪ್ಪು ಪಟ್ಟಿ ಇಟ್ಟುಕೊಂಡು ಮೆರೆಯುತ್ತವೆ. ಜಾಗವಿಲ್ಲದ ಗಂಡುಗಳು ಮಾಸಲು ಮೈಯಲ್ಲಿ ಹೆಣ್ಣುಗಳ ಗುಂಪಿನಲ್ಲೇ ಸೇರಿಕೊಂಡು ಓಡಾಡುತ್ತವೆ, ನೋಡಿದವರು ಹೆಣ್ಣೆಂದೇ ಎಣಿಸಬೇಕು. ರಾತ್ರಿ ಕತ್ತಲಲ್ಲಿ ಯಜಮಾನನನ್ನು ಎತ್ತಿ ಹೊರಗಿಟ್ಟರೆ, ಬೆಳಿಗ್ಗೆ ದೀಪ ಹತ್ತಿದ ಕೆಲವೇ ನಿಮಿಷಗಳಲ್ಲಿ ಕೆಳಗಿನವನೊಬ್ಬನಿಗೆ ಬಣ್ಣವೇರುತ್ತದೆ, ಕಣ್ಣಿನ ಪಟ್ಟಿ ಮೂಡುತ್ತದೆ, ಜಗಳವೂ ಶುರುವಾಗುತ್ತದೆ. ಅಷ್ಟರೊಳಗೆ ಅವನ ಮಿದುಳಿನಲ್ಲಿ ಜೀನುಗಳ ಕೆಲಸವೂ ಬದಲಾಗಿರುತ್ತದೆ ಎಂದು 2005ರಲ್ಲಿ ಫರ್ನಾಲ್ಡ್ ಮತ್ತು ಸಂಗಡಿಗರು ತೋರಿಸಿದರು. ದಿನಗಳು ಕಳೆದಂತೆ ಸಂತಾನಕ್ಕೆ ಸಂಬಂಧಿಸಿದ ಹಾರ್ಮೋನನ್ನು ಬಿಡುವ ನರಕೋಶಗಳು ಉಬ್ಬುತ್ತವೆ, ವೃಷಣ ಬೆಳೆಯುತ್ತದೆ. ಪದವಿ ಹೋದರೆ ಇವೆಲ್ಲ ಮತ್ತೆ ಕುಗ್ಗುತ್ತವೆ.

ಎಂಬೂನ ಟ್ಯಾಂಕಿನಲ್ಲೂ ನಡೆಯುವುದು ಇದೇ ಬಗೆಯ ಆಟ. ನಿಮ್ಮ ನಾಲ್ಕು ಕೆನ್ಯಿಗಳಲ್ಲಿ ಮೂರು ಗಂಡಿದ್ದರೂ ಹಳದಿಯಾಗುವುದು ಒಂದೇ ಇರಬಹುದು. ಉಳಿದೆರಡು ನೀಲಿ ವೇಷದಲ್ಲೇ ತಲೆ ಮರೆಸಿಕೊಂಡಿರುತ್ತವೆ, ಏಕೆಂದರೆ ಹಳದಿ ತೋರಿಸಿದರೆ ಏಟು ತಪ್ಪಿದ್ದಲ್ಲ. ಔರಾಟಸ್‌ನಲ್ಲಿ ಇದರ ಇನ್ನೊಂದು ಮಗ್ಗುಲಿದೆ. ಗಂಡಿಲ್ಲದ ಟ್ಯಾಂಕಿನಲ್ಲಿ ಜೋರು ಸ್ವಭಾವದ ಹೆಣ್ಣೊಂದು ಕಪ್ಪಾಗತೊಡಗುವುದುಂಟು. ಹಾಗಾಗಿ “ಹಳದಿಯಾಯಿತು, ಗಂಡು” ಎನ್ನುವ ತೀರ್ಮಾನ ಬಹುಮಟ್ಟಿಗೆ ಸರಿ, “ನೀಲಿಯಾಗಿಯೇ ಇದೆ, ಹೆಣ್ಣು” ಎನ್ನುವುದು ಅಷ್ಟು ಸರಿಯಲ್ಲ.

ಮೊಟ್ಟೆಚುಕ್ಕೆಯ ವಿಷಯವನ್ನು ನೀವು ಕೇಳಿಲ್ಲ. ಆದರೆ ಈ ಮೀನು ಸಾಕಿದವರು ಯಾರಾದರೂ ಬಂದರೆ ಮೊದಲು ಹೇಳುವುದು ಅದನ್ನೇ. ಬಾಯಲ್ಲಿ ಮರಿ ಮಾಡುವ ಹಲವು ಆಫ್ರಿಕನ್ ಸಿಕ್ಲಿಡ್‌ಗಳಲ್ಲಿ ಗುದದ ಹಿಂದಿನ ರೆಕ್ಕೆಯ ಮೇಲೆ ಹಳದಿ ಅಥವಾ ಕಿತ್ತಳೆಯ ದುಂಡು ಚುಕ್ಕೆಗಳಿರುತ್ತವೆ, ನೋಡಲು ಮೊಟ್ಟೆಯಂತೆಯೇ. ಜರ್ಮನಿಯ ವೋಲ್ಫ್‌ಗ್ಯಾಂಗ್ ವಿಕ್ಲರ್ 1962ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಹೆಣ್ಣು ಮೊಟ್ಟೆಯಿಟ್ಟ ತಕ್ಷಣ, ಅದು ಫಲಿಸುವ ಮೊದಲೇ, ಬಾಯಿಗೆ ಹಾಕಿಕೊಂಡುಬಿಡುತ್ತದೆ. ಗಂಡು ಆಗ ರೆಕ್ಕೆಯನ್ನು ಅವಳ ಮುಂದೆ ಹರಡುತ್ತದೆ. ಇನ್ನೂ ಮೊಟ್ಟೆ ಉಳಿದಿವೆಯೆಂದು ಅವಳು ಚುಕ್ಕೆಗೆ ಬಾಯಿ ಹಾಕಿದಾಗ ಅವನು ಬಿಟ್ಟ ವೀರ್ಯ ಅವಳ ಬಾಯಿಗೆ ಹೋಗಿ, ಒಳಗಿದ್ದ ಮೊಟ್ಟೆಗಳು ಫಲಿಸುತ್ತವೆ. ನಂತರದ ಸಂಶೋಧಕರು ಚುಕ್ಕೆಗಳಿಗೆ ಬೇರೆ ಉಪಯೋಗಗಳೂ ಇರಬಹುದೆಂದು ತೋರಿಸಿದ್ದಾರೆ. ಅದೇನೇ ಇರಲಿ, ಚುಕ್ಕೆ ಇದ್ದರೆ ಗಂಡು ಎಂಬ ಸುಲಭ ಸೂತ್ರ ಹುಟ್ಟಿದ್ದು ಇಲ್ಲಿಂದ. ತೊಂದರೆಯೆಂದರೆ ಎಂಬೂನಗಳಲ್ಲಿ ಹೆಣ್ಣಿಗೂ ಚುಕ್ಕೆಗಳಿರುತ್ತವೆ. ಬಲಿತ ಗಂಡಿನ ಚುಕ್ಕೆ ಹೆಚ್ಚು ಗಾಢ, ಹೆಚ್ಚು ದುಂಡು, ಸುತ್ತಲೂ ಗೆರೆ ಎಳೆದಂತೆ ಸ್ಪಷ್ಟ. ಮರಿಯಲ್ಲಿ ಇದ್ಯಾವುದೂ ತಿಳಿಯುವಷ್ಟು ಬೆಳೆದಿರುವುದಿಲ್ಲ. ಚುಕ್ಕೆ ಎಣಿಸಿ ಮೀನು ಕೊಳ್ಳಬೇಡಿ.

ಗಾತ್ರದ ಸೂತ್ರವೂ ಅಷ್ಟೆ. ಒಂದೇ ಬಸಿರಿನ ಮರಿಗಳಲ್ಲಿ ಬೇಗ ಬೆಳೆದವು ಗಂಡು ಎನ್ನುತ್ತಾರೆ. ಇದರಲ್ಲಿ ಒಂದಿಷ್ಟು ಸತ್ಯವಿದೆ, ಆದರೆ ಅಂಗಡಿಯ ಟ್ಯಾಂಕಿನಲ್ಲಿ ಬೇರೆಬೇರೆ ವಯಸ್ಸಿನ ಮರಿಗಳು ಕಲೆತಿರುತ್ತವೆ, ಹೊಟ್ಟೆಬಾಕ ಹೆಣ್ಣುಗಳೂ ಇರುತ್ತವೆ. ನಿಕರಾಗುವಾದ ಮೈಡಸ್ ಸಿಕ್ಲಿಡ್ ಮೇಲೆ ಕೆಲಸ ಮಾಡಿದ ಜಾರ್ಜ್ ಬಾರ್ಲೊ ಮತ್ತು ಅವರ ಸಹೋದ್ಯೋಗಿ 1993ರಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಮರಿಗಳ ಗುಂಪಿನಲ್ಲಿ ಬೇರೆಯವಕ್ಕಿಂತ ದೊಡ್ಡದಾಗಿರುವುದೇ ಮರಿಯನ್ನು ಗಂಡಾಗಿಸುತ್ತದೆ ಎಂದರು. ಅದು ತುಂಬ ಹೆಸರಾಯಿತು, ಆದರೆ ಆಮೇಲೆ ನಡೆದ ಕೆಲಸ ಅದನ್ನು ಪ್ರಶ್ನಿಸಿತು. ಗಾತ್ರದ ಮಾತು ಬಂದಾಗ ಟಾಂಗನ್ಯಿಕಾದ ಕ್ಯಾಲಿಪ್ಟೆರಸ್ ಎಂಬ ಮೀನನ್ನು ಹೇಳದಿರಲಾರೆ. ಅದರ ಗಂಡು ಹೆಣ್ಣಿಗಿಂತ ಹನ್ನೆರಡು ಪಟ್ಟಿಗೂ ಹೆಚ್ಚು ತೂಗುತ್ತದೆ. ಗಂಡಿನ ಕೆಲಸ ಖಾಲಿ ಬಸವನಹುಳುವಿನ ಚಿಪ್ಪುಗಳನ್ನು ಬಾಯಲ್ಲಿ ಕಚ್ಚಿ ತಂದು ಗುಡ್ಡೆ ಹಾಕುವುದು, ಹೆಣ್ಣಿನ ಕೆಲಸ ಆ ಚಿಪ್ಪಿನೊಳಗೆ ನುಸುಳಿ ಮೊಟ್ಟೆಯಿಡುವುದು. ಅವನು ಹೊರುವಷ್ಟು ದೊಡ್ಡವನಾಗಬೇಕು, ಅವಳು ಹೊಕ್ಕುವಷ್ಟು ಚಿಕ್ಕವಳಾಗಿರಬೇಕು. ಅಲ್ಲಿ ಯಾರಿಗೂ ಗುರುತಿಸುವ ಕಷ್ಟವಿಲ್ಲ.

ಹಾಗಾದರೆ ನಂಬಬಹುದಾದ ದಾರಿ ಯಾವುದು? ಹೊಟ್ಟೆಯ ಕೆಳಗೆ ನೋಡುವುದು. ಹವ್ಯಾಸಿಗಳು ಇದನ್ನು ವೆಂಟಿಂಗ್ ಎನ್ನುತ್ತಾರೆ. ಮೀನು ಎರಡೂವರೆ ಇಂಚಾದರೂ ಆಗಲಿ, ಅದಕ್ಕೂ ಮೊದಲು ಮಾಡಿದರೆ ಮೀನಿಗೆ ಹಿಂಸೆ, ನಿಮಗೆ ಗೊಂದಲ. ಹಿಂದಿನ ದಿನ ಊಟ ಹಾಕಬೇಡಿ. ಬಲೆಯನ್ನೂ ಕೈಯನ್ನೂ ನೀರಿನಲ್ಲಿ ನೆನೆಸಿಕೊಳ್ಳಿ, ಒಣಗೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಮೀನನ್ನು ಬೆನ್ನಡಿಯಾಗಿ ಅಂಗೈಯಲ್ಲಿ ಮಲಗಿಸಿ, ಹೊಟ್ಟೆಯ ರೆಕ್ಕೆ ಮತ್ತು ಹಿಂದಿನ ರೆಕ್ಕೆಯ ನಡುವೆ ನೋಡಿ. ಎರಡು ರಂಧ್ರ ಕಾಣುತ್ತವೆ. ತಲೆಯ ಕಡೆಗಿರುವುದು ಗುದ, ಬಾಲದ ಕಡೆಗಿರುವುದು ಜನನ ರಂಧ್ರ. ಗಂಡಿನಲ್ಲಿ ಹಿಂದಿನ ರಂಧ್ರ ಗುದದಷ್ಟೇ ಅಥವಾ ಅದಕ್ಕಿಂತ ಚಿಕ್ಕದು. ಹೆಣ್ಣಿನಲ್ಲಿ ಅದು ಗುದಕ್ಕಿಂತ ಸ್ಪಷ್ಟವಾಗಿ ದೊಡ್ಡದು, ಅಗಲ. ಮೊಟ್ಟೆ ಹಾಯಬೇಕಾದ ದಾರಿಯಲ್ಲವೇ, ಆ ವ್ಯತ್ಯಾಸಕ್ಕೆ ಕಾರಣ ಹುಡುಕಬೇಕಿಲ್ಲ.

ಒಂದೇ ಮೀನನ್ನು ನೋಡಿದರೆ ದೊಡ್ಡದು ಚಿಕ್ಕದು ಎಂದರೆ ಎಷ್ಟು ಎಂಬುದೇ ತಿಳಿಯುವುದಿಲ್ಲ. ಒಂದೇ ಜಾತಿಯ, ಒಂದೇ ಗಾತ್ರದ ನಾಲ್ಕು ಮೀನನ್ನು ಸಾಲಾಗಿ ನೋಡಿದರೆ ಕಣ್ಣು ಪಳಗುತ್ತದೆ. ಮಗಳ ಕೈಗೆ ಮೊಬೈಲ್ ಕೊಟ್ಟು ಹತ್ತಿರದಿಂದ ಫೋಟೊ ತೆಗೆಸಿ, ಮೀನನ್ನು ತಕ್ಷಣ ನೀರಿಗೆ ಬಿಟ್ಟು, ಆಮೇಲೆ ನಿಧಾನವಾಗಿ ದೊಡ್ಡದು ಮಾಡಿ ನೋಡಿ. ನೀರಿನ ಹೊರಗೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಬೇಡ. ಬಾಯಿ ಉಬ್ಬಿಸಿಕೊಂಡಿರುವ ಮೀನನ್ನು ಮಾತ್ರ ಮುಟ್ಟಲೇಬೇಡಿ. ಅದು ಹೆಣ್ಣೆಂದು ಅದೇ ಹೇಳುತ್ತಿದೆ, ಹಿಡಿದರೆ ಮೊಟ್ಟೆಗಳನ್ನು ಉಗಿದುಬಿಡುತ್ತದೆ.

ಈ ವಿದ್ಯೆಯನ್ನು ಅಕ್ವೇರಿಯಂನವರಿಗಿಂತ ಚೆನ್ನಾಗಿ ಪಳಗಿಸಿಕೊಂಡವರು ತಿಲಾಪಿಯ ಸಾಕಣೆಯವರು. ಸಾಂಬಾರಿಗೆ ಬೀಳುವ ತಿಲಾಪಿಯವೂ ಸಿಕ್ಲಿಡ್ಡೇ. ಅದರಲ್ಲಿ ಗಂಡು ಬೇಗ ಬೆಳೆಯುತ್ತದೆ, ಹೆಣ್ಣಿದ್ದರೆ ಕೊಳದ ತುಂಬ ಪುಡಿಮರಿ. ಹಾಗಾಗಿ ರೈತರಿಗೆ ಗಂಡು ಮರಿಗಳೇ ಬೇಕು. ಕೈಯಿಂದ ಬೇರ್ಪಡಿಸುವವರು ಮರಿ ಇಪ್ಪತ್ತು, ಮೂವತ್ತು ಗ್ರಾಂ ತೂಗುವವರೆಗೆ ಕಾದು, ರಂಧ್ರದ ಮೇಲೆ ಒಂದು ಹನಿ ಮಸಿಯನ್ನೋ ಮೆಥಿಲೀನ್ ಬ್ಲೂವನ್ನೋ ಸವರಿ ನೋಡುತ್ತಾರೆ. ಹೆಣ್ಣಿನ ಉಬ್ಬಿನ ಮೇಲೆ ಅಡ್ಡ ಸೀಳು ನೀಲಿಗೆರೆಯಾಗಿ ಎದ್ದು ಕಾಣುತ್ತದೆ. ದಿನವಿಡೀ ಇದೇ ಕೆಲಸ ಮಾಡುವ ಆ ಪಳಗಿದ ಕೈಗಳಿಂದಲೂ ಅಲ್ಲೊಂದು ಇಲ್ಲೊಂದು ಹೆಣ್ಣು ತಪ್ಪಿಸಿಕೊಂಡು ಗಂಡುಗಳ ಕೊಳ ಸೇರುತ್ತದೆ.

ಬಿಸಿನೀರಿನ ಪ್ರಶ್ನೆಗೂ ತಿಲಾಪಿಯದಿಂದಲೇ ಶುರು ಮಾಡಬಹುದು. ನೈಲ್ ತಿಲಾಪಿಯದಲ್ಲಿ ನಮ್ಮಂತೆಯೇ ಎಕ್ಸ್ ವೈ ಲೆಕ್ಕವಿದೆ. ಆದರೂ ಮೊಟ್ಟೆಯೊಡೆದ ಹೊಸದರಲ್ಲಿ ಮರಿಗಳನ್ನು ಕೆಲವು ವಾರ 34–36 ಡಿಗ್ರಿ ಶಾಖದಲ್ಲಿ ಇಟ್ಟರೆ, ಜೀನಿನ ಪ್ರಕಾರ ಹೆಣ್ಣಾಗಬೇಕಿದ್ದ ಹಲವು ಮರಿಗಳು ಗಂಡಾಗಿ ಬೆಳೆಯುತ್ತವೆ. ದಕ್ಷಿಣ ಅಮೆರಿಕದ ಪುಟ್ಟ ಸಿಕ್ಲಿಡ್‌ಗಳಾದ ಎಪಿಸ್ಟೊಗ್ರಾಮಗಳಲ್ಲಿ ಅಷ್ಟು ಬಿಸಿಯೂ ಬೇಕಿಲ್ಲ. ಜರ್ಮನಿಯ ಊವೆ ರೋಮರ್ ಮತ್ತು ವೋಲ್ಫ್‌ಗ್ಯಾಂಗ್ ಬೈಸನ್‌ಹರ್ಟ್ಸ್ ಮೂವತ್ತಕ್ಕೂ ಹೆಚ್ಚು ಜಾತಿಗಳ ಮರಿಗಳನ್ನು 23, 26, 29 ಡಿಗ್ರಿಗಳಲ್ಲಿ ಬೆಳೆಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಹುಪಾಲು ಜಾತಿಗಳಲ್ಲಿ ತಂಪಿಗೆ ಹೆಣ್ಣು ಹೆಚ್ಚು, ಬಿಸಿಗೆ ಗಂಡು ಹೆಚ್ಚು. ಪಶ್ಚಿಮ ಆಫ್ರಿಕಾದ ಕ್ರಿಬ್ ಎಂಬ ಮೀನಿನಲ್ಲಿ ನೀರಿನ ಹುಳಿಯೇ ತೀರ್ಪು ತಿರುಗಿಸುತ್ತದೆ. ಆಮ್ಲೀಯ ನೀರಿನಲ್ಲಿ ಬೆಳೆದ ಮರಿಗಳಲ್ಲಿ ಗಂಡುಗಳೇ ತುಂಬಿರುತ್ತವೆ ಎಂದು 1985ರ ಒಂದು ಅಧ್ಯಯನ ತೋರಿಸಿತು. ನಿಮ್ಮ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಕ್ರಿಬ್ ಮರಿ ಮಾಡಿದರೆ ಹೆಣ್ಣುಗಳ ಕಡೆಗೇ ವಾಲಬಹುದು.

ಇಲ್ಲೆಲ್ಲ ಗಮನಿಸಬೇಕಾದ್ದು ಸಮಯ. ನೀರು ಮಾತಾಡುವುದು ಮರಿಯ ಮೊದಲ ಕೆಲವು ವಾರಗಳಲ್ಲಿ ಮಾತ್ರ, ಅಂಡಾಶಯವೋ ವೃಷಣವೋ ಎಂದು ಒಳಗೆ ಇನ್ನೂ ತೀರ್ಮಾನವಾಗದ ಕಾಲದಲ್ಲಿ. ನಿಮ್ಮ ಒಂದೂವರೆ ಇಂಚಿನ ಮರಿಗಳಲ್ಲಿ ಅದು ಎಂದೋ ಮುಗಿದಿದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಹೀಟರ್ ಎಷ್ಟು ತಿರುಗಿಸಿದರೂ ಹೆಣ್ಣು ಗಂಡಾಗದು, ಕರೆಂಟ್ ಬಿಲ್ ಏರುತ್ತದೆ, ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಎಂಬೂನಗಳ ಲಿಂಗವನ್ನು ನಡೆಸುವುದು ಮುಖ್ಯವಾಗಿ ಜೀನುಗಳೇ. ಅದೂ ಒಂದೇ ಪದ್ಧತಿಯಲ್ಲ. ಕೋಚರ್ ತಂಡ ನೋಡಿದಂತೆ ಕೆಲವು ಮಲಾವಿ ಮೀನುಗಳಲ್ಲಿ ಗಂಡನ್ನು ನಿರ್ಧರಿಸುವ ವೈ ಒಂದು ವರ್ಣತಂತುವಿನಲ್ಲಿ, ಹೆಣ್ಣನ್ನು ನಿರ್ಧರಿಸುವ ಡಬ್ಲ್ಯೂ ಇನ್ನೊಂದರಲ್ಲಿ, ಎರಡೂ ಒಂದೇ ಸಂಸಾರದಲ್ಲಿ ಇರಬಹುದು. ಎರಡೂ ಒಂದೇ ಮರಿಗೆ ಬಂದರೆ ಡಬ್ಲ್ಯೂ ಗೆಲ್ಲುತ್ತದೆ, ಮರಿ ಹೆಣ್ಣಾಗುತ್ತದೆ. ನಿಮ್ಮ ಕಲೆಯ ಮೀನಿನಲ್ಲಿರುವುದು ಅದೇ ಡಬ್ಲ್ಯೂ.

ನೀರಿಗಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಾದ್ದು ಹಾರ್ಮೋನ್ ಬಗ್ಗೆ. ಮುಂದೆ ಮೀನು ಕೊಳ್ಳಲು ಹೋದಾಗ ಪೀಕಾಕ್‌ಗಳು, ಎಲೆಕ್ಟ್ರಿಕ್ ಬ್ಲೂಗಳು ಒಂದೂವರೆ ಇಂಚಿಗೇ ಮೈತುಂಬ ಬಣ್ಣ ಹೊತ್ತು ಸಾಲಾಗಿ ನಿಂತಿದ್ದರೆ ಕೈ ಹಿಂದೆಗೆಯಿರಿ. ಆ ವಯಸ್ಸಿನಲ್ಲಿ ಅವು ಬೂದು ಬಣ್ಣದಲ್ಲಿರಬೇಕು. ಗಂಡು ಹಾರ್ಮೋನ್ ಬೆರೆಸಿದ ಮೇವು ತಿಂದ ಮರಿಗಳಿಗೆ ಗಂಡಿರಲಿ ಹೆಣ್ಣಿರಲಿ ಬಣ್ಣ ಬರುತ್ತದೆ. ಮನೆಗೆ ಬಂದು ಮಾಮೂಲಿ ಮೇವು ತಿಂದು ಕೆಲವು ವಾರ ಕಳೆದಂತೆ ಬಣ್ಣ ಇಳಿಯುತ್ತದೆ, ಹೆಣ್ಣುಗಳಲ್ಲಿ ಮೊಟ್ಟೆ ಕಟ್ಟುವ ಶಕ್ತಿಯೂ ಕೆಡಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ. ಮಾಸಲು ಮರಿಗಳಿರುವ ಟ್ಯಾಂಕಿನಿಂದ ಮೀನು ಆರಿಸಿದವರು ವರ್ಷದ ಕೊನೆಗೆ ಚೆಂದದ ಗಂಡನ್ನು ನೋಡುತ್ತಾರೆ.

ಚಿಕ್ಕಂದಿನಲ್ಲೇ ಗುರುತು ಕೊಡುವ ಮೀನುಗಳೇ ಬೇಕೆಂದರೆ ಮಧ್ಯ ಅಮೆರಿಕದ ಕಾನ್ವಿಕ್ಟ್ ಸಾಕಿ. ಬೂದು ಮೈಗೆ ಕೈದಿಯ ಅಂಗಿಯ ಪಟ್ಟೆ. ಎರಡು ಇಂಚು ಆಗುವಷ್ಟರಲ್ಲಿ ಹೆಣ್ಣಿನ ಹೊಟ್ಟೆಯ ಪಕ್ಕ ಕಿತ್ತಳೆ ಬಣ್ಣದ ಹೊಳೆವ ಪೊರೆ ಮೂಡುತ್ತದೆ, ಗಂಡಿಗೆ ಅದಿಲ್ಲ. ಪಟ್ಟೆಯಿಲ್ಲದ ಗುಲಾಬಿ ತಳಿಯಲ್ಲೂ ಆ ಕಿತ್ತಳೆ ಕಾಣುತ್ತದೆ. ಕ್ರಿಬ್‌ನಲ್ಲೂ ಹೀಗೆಯೇ, ಹೆಣ್ಣಿನ ಹೊಟ್ಟೆ ದುಂಡಗೆ, ದಾಳಿಂಬೆ ಕಾಳಿನ ಕೆಂಪು. ಇವೆರಡೂ ನಿಜವಾಗಿ ಜೋಡಿಯಾಗಿ ಬಾಳುವ, ತಂದೆತಾಯಿ ಸೇರಿ ಮರಿ ಕಾಯುವ ಜಾತಿಗಳು. ಜೋಡಿ ಎಂದು ಹೆಚ್ಚು ಹಣ ಕೊಡುವುದಾದರೆ ಇಂಥವಕ್ಕೆ ಕೊಡಬೇಕು.

ಏಂಜೆಲ್‌ಗಳ ವಿಷಯ. ಏಂಜೆಲ್, ಡಿಸ್ಕಸ್, ಆಸ್ಕರ್ ಇವುಗಳಲ್ಲಿ ಗಂಡು ಹೆಣ್ಣು ಬಲಿತ ಮೇಲೂ ಹೊರನೋಟಕ್ಕೆ ಒಂದೇ. ಅವೇ ಪರಸ್ಪರ ಗುರುತಿಸಿಕೊಳ್ಳುವುದಕ್ಕೂ ಸಮಯ ಹಿಡಿಯುತ್ತದೆ, ಅದೂ ಯಾವಾಗಲೂ ಸರಿಯಾಗುವುದಿಲ್ಲ. ಗಂಡು ಸಿಗದಿದ್ದರೆ ಎರಡು ಹೆಣ್ಣುಗಳು ಜೊತೆಗೂಡಿ, ಎಲೆ ಉಜ್ಜಿ ಚೊಕ್ಕಟ ಮಾಡಿ, ಸರದಿಯಂತೆ ಮೊಟ್ಟೆಯಿಟ್ಟು, ಒಟ್ಟಿಗೇ ಕಾವಲು ಕೂರುವುದು ಏಂಜೆಲ್ ಸಾಕುವವರಿಗೆಲ್ಲ ಪರಿಚಯದ ಸಂಗತಿ. ಒಂದೆರಡು ದಿನದಲ್ಲಿ ಮೊಟ್ಟೆಗಳೆಲ್ಲ ಬಿಳಿಚುತ್ತವೆ. ನಿಮ್ಮಲ್ಲಿ ಆದದ್ದು ಇದೇ ಇರಬಹುದು. ಆದರೆ ಬೋರ್‌ವೆಲ್ ನೀರನ್ನೂ ಅನುಮಾನಿಸಿ, ಅಮೆಜಾನ್‌ನ ಮೆದು ನೀರಿನ ಮೀನಾದ ಏಂಜೆಲ್‌ನ ಮೊಟ್ಟೆ ತುಂಬ ಗಡಸು ನೀರಿನಲ್ಲಿ ಗಂಡಿದ್ದರೂ ಫಲಿಸದಿರುವುದುಂಟು. ಅದೇ ನೀರು ನಿಮ್ಮ ಮಲಾವಿ ಮೀನುಗಳಿಗೆ ಹೇಳಿ ಮಾಡಿಸಿದಂತಿದೆ.

ತಿಳಿಯಲು ಒಂದೇ ಉಪಾಯ, ಮುಂದಿನ ಸಲ ಮೊಟ್ಟೆಯಿಡುವಾಗ ಪಕ್ಕದಲ್ಲಿ ಕೂತು ನೋಡುವುದು. ಅದಕ್ಕೆ ಒಂದೆರಡು ದಿನ ಮೊದಲು ಎರಡಕ್ಕೂ ಹೊಟ್ಟೆಯ ಕೆಳಗೆ ಪುಟ್ಟ ನಳಿಗೆ ಇಳಿಯುತ್ತದೆ. ಹೆಣ್ಣಿನದು ದಪ್ಪ, ತುದಿ ಮೊಂಡು. ಗಂಡಿನದು ಸಣ್ಣ, ಚೂಪು. ಎರಡೂ ಮೊಂಡಾಗಿದ್ದರೆ ವಿಚಾರ ಮುಗಿಯಿತು. ಆಗ ಆರು ಎಳೆ ಏಂಜೆಲ್‌ಗಳನ್ನು ತಂದು ಒಟ್ಟಿಗೆ ಬೆಳೆಸಿ, ತಾವಾಗಿ ಜೊತೆಯಾದ ಎರಡನ್ನು ಉಳಿಸಿಕೊಂಡು ಉಳಿದವನ್ನು ಅಂಗಡಿಗೆ ವಾಪಸು ಕೊಡಿ. ಹಲವು ಅಂಗಡಿಯವರು ಬೆಳೆದ ಏಂಜೆಲ್‌ಗಳನ್ನು ಖುಷಿಯಿಂದಲೇ ತೆಗೆದುಕೊಳ್ಳುತ್ತಾರೆ.

ನಮ್ಮ ನೆಲದ ಸಿಕ್ಲಿಡ್‌ಗಳೂ ಈ ಏಂಜೆಲ್ ಬಣಕ್ಕೇ ಸೇರಿದವು. ಭಾರತಕ್ಕೆ ಸ್ವಂತವಾದ ಸಿಕ್ಲಿಡ್‌ಗಳು ಮೂರೇ ಜಾತಿ. ಕೇರಳದವರು ಕರಿಮೀನು ಎಂದು ಬಾಳೆಲೆಯಲ್ಲಿ ಸುಟ್ಟು ತಿನ್ನುವ, ನಮ್ಮ ಕರಾವಳಿಯ ಹಿನ್ನೀರುಗಳಲ್ಲೂ ಇರುವ ಪರ್ಲ್‌ಸ್ಪಾಟ್ ಒಂದು, ಕಿತ್ತಳೆ ಬಣ್ಣದ ಪುಟ್ಟ ಕ್ರೊಮೈಡ್ ಇನ್ನೊಂದು. ಮೂರನೆಯದು ಕೆನರಾ ಪರ್ಲ್‌ಸ್ಪಾಟ್, ದಕ್ಷಿಣ ಕನ್ನಡದ ಹೊಳೆಗಳದು, 1877ರಲ್ಲಿ ಫ್ರಾನ್ಸಿಸ್ ಡೇ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟರು. ಇವುಗಳಲ್ಲಿ ಬೆದೆಗೆ ಬಂದ ಸಮಯ ಬಿಟ್ಟರೆ ಗಂಡು ಹೆಣ್ಣು ಹೇಳುವುದು ಪಳಗಿದವರಿಗೂ ಕಷ್ಟ. ಹೊಳೆಯಿಂದ ಕೆನರಾ ಮೀನನ್ನು ಹಿಡಿದು ತಂದು ಜೋಡಿ ಮಾಡುವ ಪ್ರಯತ್ನ ಮಾತ್ರ ದಯವಿಟ್ಟು ಬೇಡ, ಅದು ಇರುವುದೇ ಅಷ್ಟಿಷ್ಟು ಜಾಗದಲ್ಲಿ.

ಈಗ ನಿಮ್ಮ ಹದಿಮೂರಕ್ಕೆ ಬರೋಣ. ಸದ್ಯಕ್ಕೆ ಯಾವುದನ್ನೂ ಬೇರ್ಪಡಿಸಬೇಡಿ. ಟ್ಯಾಂಕಿನ ತುಂಬ ಕಲ್ಲು ಒಟ್ಟಿ, ಓಡಿ ಅವಿತುಕೊಳ್ಳಲು ಸಂದುಗಳಿರಲಿ. ಮೂರಡಿ ಟ್ಯಾಂಕಿನಲ್ಲಿ ಔರಾಟಸ್ ಮತ್ತು ಕೆನ್ಯಿ ಎರಡನ್ನೂ ಬೆಳೆಸುವುದು ಕಷ್ಟ, ಎರಡೂ ಜಗಳಗಂಟ ಜಾತಿಗಳು. ಎರಡೂವರೆ ಇಂಚು ಆಗುವ ಹೊತ್ತಿಗೆ ಒಂದನ್ನು ಬಿಟ್ಟುಕೊಡಬೇಕಾಗುತ್ತದೆ. ನನ್ನ ಆಯ್ಕೆ ಕೇಳಿದರೆ ಎಲೆಕ್ಟ್ರಿಕ್ ಯೆಲ್ಲೊಗಳನ್ನೂ ಕಲೆಯ ಹೆಣ್ಣನ್ನೂ ಉಳಿಸಿಕೊಳ್ಳಿ, ಔರಾಟಸ್ ಹೋಗಲಿ. ಕೆನ್ಯಿಗಳಲ್ಲಿ ಮೊದಲು ಹಳದಿಗೆ ತಿರುಗಿದ್ದನ್ನು ಒಂದು ಬಕೆಟ್‌ಗೋ ಬೇರೆ ಟ್ಯಾಂಕಿಗೋ ಹಾಕಿ ಒಂದು ವಾರ ಕಾಯಿರಿ. ಉಳಿದ ಮೂರರಲ್ಲಿ ಇನ್ನೊಂದು ಹಳದಿ ಬಣ್ಣ ಕಟ್ಟಿದರೆ, ಇಷ್ಟು ದಿನ ನೀವು ಹೆಣ್ಣೆಂದುಕೊಂಡಿದ್ದ ಎರಡನೆಯ ಗಂಡು ಸಿಕ್ಕಿತು. ಮೊದಲನೆಯವನನ್ನು ಮತ್ತೆ ಒಳಗೆ ಬಿಡುವ ಮುನ್ನ ಕಲ್ಲುಗಳ ಜಾಗ ಬದಲಿಸಿಡಿ, ಇಬ್ಬರಿಗೂ ಗಡಿ ಹೊಸದಾದರೆ ಏಟು ಕಡಿಮೆಯಾಗುತ್ತದೆ.